ಎ.ಸಿ. ಕಲಿಕೆಗೆ ಅಂಗೈಯೇ ಪಾಠಶಾಲೆ

ಅಂಗೈಗೆ ಸ್ಪಿರಿಟ್ ಸವರಿ ಊದಿ ನೋಡಿ, ತಣ್ಣಗಾಗುತ್ತದೆ. ದ್ರವ ಆವಿಯಾಗುವಾಗ ಶಾಖ ಹೀರುವುದೇ ಇದಕ್ಕೆ ಕಾರಣ. ಎ.ಸಿ. ರಿಪೇರಿ ಕಲಿಯುವ ಅಪ್ರೆಂಟಿಸ್‌ಗಳಿಗೆ ಇದೇ ಮೊದಲ ಪಾಠವಾಗಬೇಕು.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತದೆ, ಅಷ್ಟೆ. ಒಳಗಿನ ಕಾಯಿಲ್‌ನಲ್ಲಿ ದ್ರವರೂಪದ ಗ್ಯಾಸು ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ, ಸಣ್ಣ ಕೊಳವೆಯಲ್ಲಿ ಒತ್ತಡ ಕಳೆದುಕೊಂಡು ಒಳಬರುತ್ತದೆ.

ಮುಚ್ಚಿದ ಈ ಸುತ್ತಿನಲ್ಲಿ ಗ್ಯಾಸು ಖರ್ಚಾಗುವುದಿಲ್ಲ. ಕಡಿಮೆಯಾದರೆ ಸೋರಿದೆ ಎಂದೇ ಅರ್ಥ. ಇದನ್ನರಿತವರು ಸೋರಿಕೆ ಹುಡುಕಿ ಸರಿಪಡಿಸುತ್ತಾರೆ. ಅರಿಯದವರು ವರ್ಷವರ್ಷವೂ ಗ್ಯಾಸು ತುಂಬುತ್ತಾರೆ. ಈಗ ಬಳಕೆಯಲ್ಲಿರುವ ಆರ್-32 ಗ್ಯಾಸು ಬೆಂಕಿ ಹೊತ್ತಿಕೊಳ್ಳಬಲ್ಲದು. ಅರೆಬರೆ ಕಲಿಕೆ ಪ್ರಾಣಕ್ಕೇ ಕುತ್ತು.

ಎಸ್ಸೆಸ್ಸೆಲ್ಸಿ ಬಳಿಕ ಐ.ಟಿ.ಐ.ಯಲ್ಲಿ ಇದಕ್ಕೆ 2 ವರ್ಷದ ತರಬೇತಿಯಿದೆ. ಸೇರುವ ಮಕ್ಕಳು ಸ್ಪ್ಯಾನರ್ ಹಿಡಿಯುವ ಮುನ್ನ ಈ ಸುತ್ತನ್ನು ಅರಿಯಲಿ.