ಆವರಣ ಚಿಹ್ನೆಗೆ ಯಾವ ಕೀಲಿ?

ಗಣಕಯಂತ್ರದ ಕೀಲಿಮಣೆಯನ್ನು ನಾವು ನಿತ್ಯವೂ ಬಳಸುತ್ತೇವೆ. ಶಿಫ್ಟ್ ಕೀಲಿಯನ್ನು ಅದುಮಿ 9ನ್ನು ಒತ್ತಿದರೆ ಎಡ ಆವರಣವೂ, ಸೊನ್ನೆಯನ್ನು ಒತ್ತಿದರೆ ಬಲ ಆವರಣವೂ ತೆರೆಯ ಮೇಲೆ ಮೂಡುತ್ತವೆ. ಇದು ಹೀಗೆಯೇ ಇರತಕ್ಕದ್ದೆಂದು ನಮ್ಮ ಭಾವನೆ. ಆದರೆ ಜಪಾನಿನ ಕೀಲಿಮಣೆಯಲ್ಲಿ ಅದೇ 9 ಬಲ ಆವರಣವನ್ನು ಕೊಡುತ್ತದೆ. ಎಡ ಆವರಣ ಬೇಕೆನ್ನುವವರು 8ನ್ನು ಒತ್ತಬೇಕು. ಈ ವ್ಯತ್ಯಾಸವೇಕೆ?

1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತ ಪದ್ಧತಿ ಪ್ರಕಟವಾಯಿತು. ಇದರಲ್ಲಿ ಒಂದೊಂದು ಅಕ್ಷರಕ್ಕೂ ಅಂಕಿಗೂ ಚಿಹ್ನೆಗೂ ಏಳು ಸ್ಥಾನಗಳ ಸಂಕೇತವೊಂದುಂಟು. ಪ್ರತಿ ಸ್ಥಾನದಲ್ಲಿಯೂ ಇರುವುದು ಸೊನ್ನೆ ಅಥವಾ ಒಂದು. ಆ ಸ್ಥಾನಕ್ಕೆ ಬಿಟ್ ಎಂದು ಹೆಸರು. 9ರ ಸಂಕೇತ 0111001. ಬಲ ಆವರಣದ್ದು 0101001. ಎಡದಿಂದ ಮೂರನೆಯ ಬಿಟ್ ಒಂದನ್ನುಳಿದು ಬೇರಾವ ಭೇದವೂ ಇಲ್ಲವೆಂಬುದನ್ನು ಗಮನಿಸಬೇಕು. 8ಕ್ಕೂ ಎಡ ಆವರಣಕ್ಕೂ, 2ಕ್ಕೂ ಉದ್ಧರಣ ಚಿಹ್ನೆಗೂ ಇದೇ ಸಂಬಂಧ. ಸೊನ್ನೆಗೆ ಜೊತೆಯಾದದ್ದು ಮಾತ್ರ ಪದಗಳ ನಡುವಣ ತೆರಪು; ಅದಕ್ಕೆ ಉದ್ದನೆಯ ಪಟ್ಟಿ ಪ್ರತ್ಯೇಕವಾಗಿಯೇ ಇದೆ.

ಯಂತ್ರ ನಿರ್ಮಿಸುವವರಿಗೆ ಇದು ಬಹಳ ಅನುಕೂಲವಾಯಿತು. ದೂರದ ಗಣಕಕ್ಕೆ ತಂತಿಯ ಮೂಲಕ ಸಂದೇಶ ಕಳುಹಿಸುವ ಉಪಕರಣವೇ ಟರ್ಮಿನಲ್. ಆ ಕಾಲದ ಪ್ರಸಿದ್ಧ ಟರ್ಮಿನಲ್ ಆದ ಟೆಲಿಟೈಪ್ 33 ಸನ್ನೆ ಸರಳುಗಳಿಂದಲೇ ಸಂಕೇತವನ್ನು ರಚಿಸುತ್ತಿತ್ತು. ಶಿಫ್ಟ್ ಕೀಲಿಯು ಒಂದು ಬಿಟ್ಟನ್ನು ಬದಲಿಸಿದರೆ ಚಿಹ್ನೆ ಸಿದ್ಧ! ಇದೇ ಬಿಟ್ ಜೋಡಣೆ.

ಆದರೆ ಬೆರಳಿಗೆ ಬಿಟ್ಟಿನ ಗೊಡವೆಯಿಲ್ಲ. 1961ರಲ್ಲಿ ಬಂದ ಐ.ಬಿ.ಎಂ. ಸೆಲೆಕ್ಟ್ರಿಕ್ ಬೆರಳಚ್ಚು ಯಂತ್ರದಲ್ಲಿ ಆವರಣಗಳು 9 ಮತ್ತು ಸೊನ್ನೆಯ ಮೇಲಿದ್ದವು. ಅದರಲ್ಲಿ ಪಳಗಿದವರು ಟೆಲಿಟೈಪಿನ ಮುಂದೆ ಕುಳಿತು ಎಡ ಆವರಣಕ್ಕೆಂದು 9ನ್ನು ಒತ್ತಿದರೆ ದೊರೆಯುತ್ತಿದ್ದುದು ಬಲ ಆವರಣ. ಪತ್ರದಲ್ಲಾದರೆ ಓದುವವನು ತಪ್ಪನ್ನು ತಾನೇ ತಿದ್ದಿಕೊಂಡಾನು. ಗಣಕಕ್ಕೆ ಬರೆದ ಆದೇಶದಲ್ಲಿ ಒಂದು ಆವರಣ ತಿರುಗಿದರೂ ಆದೇಶವೇ ಕೆಡುತ್ತದೆ.

1971ರಲ್ಲಿ ಅಮೆರಿಕದ ಮಾನಕವೊಂದು ಹೊರಬಂದಿತು. ಅದು ಬಿಟ್ ಜೋಡಣೆಯನ್ನೂ ಬೆರಳಚ್ಚು ಜೋಡಣೆಯನ್ನೂ ಒಪ್ಪಿಕೊಂಡಿತು. ಇದರಿಂದ ತಯಾರಕರಿಗೆ ಸಮಾಧಾನವಾಗಿರಬಹುದು. ಟರ್ಮಿನಲ್ಲಿಂದ ಟರ್ಮಿನಲ್ಲಿಗೆ ಅಲೆಯುವವರ ಕಷ್ಟ ತೀರಲಿಲ್ಲ. 1976ರ ಎ.ಡಿ.ಎಂ.-3ಎ ಟರ್ಮಿನಲ್ ಮೊದಲನೆಯ ಪಕ್ಷದಲ್ಲಿತ್ತು, 1978ರ ವಿ.ಟಿ.-100 ಎರಡನೆಯದರಲ್ಲಿ.

ವಾದವನ್ನು ಬಗೆಹರಿಸಿದ್ದು ವಿದ್ಯುನ್ಮಾನ. ಪುಟ್ಟ ಚಿಪ್ಪುಗಳು ಅಗ್ಗವಾದುವು. ಯಾವ ಕೀಲಿಗೆ ಯಾವ ಸಂಕೇತವೆಂಬ ಪಟ್ಟಿಯನ್ನೇ ಕೀಲಿಮಣೆಯೊಳಗೆ ಅಡಗಿಸಿಡುವುದು ಸುಲಭವಾಯಿತು. ಬಿಟ್ ಜೋಡಣೆಯಿಂದ ಆಗುತ್ತಿದ್ದ ಉಳಿತಾಯಕ್ಕೆ ಅರ್ಥವುಳಿಯಲಿಲ್ಲ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ. ಬೆರಳಚ್ಚು ಜೋಡಣೆಯನ್ನೇ ಮನೆಮನೆಗೆ ಒಯ್ದಿತು. 1982ರ ಮಾನಕವು ಅದೊಂದನ್ನೇ ಉಳಿಸಿತು.

ಜಪಾನಿನ ಮಾನಕ ಮಾತ್ರ ಬಿಟ್ ಜೋಡಣೆಯನ್ನು ಬಿಡಲಿಲ್ಲ. ಅಲ್ಲಿನ ಕೀಲಿಮಣೆಗಳಲ್ಲಿ ಸೊನ್ನೆಯ ಕೀಲಿಗೆ ಇಂದಿಗೂ ಸಾಮಾನ್ಯವಾಗಿ ಜೊತೆಯ ಚಿಹ್ನೆಯಿಲ್ಲ. ಕೀಲಿಮಣೆಯನ್ನು ಮಾಡುವವರು ಅದನ್ನು ಸನ್ನೆ ಸರಳುಗಳಿಗೆ ಒಪ್ಪಿಸಬೇಕೋ ಕೈಬೆರಳುಗಳಿಗೆ ಒಪ್ಪಿಸಬೇಕೋ ಎಂಬ ಹಳೆಯ ಪ್ರಶ್ನೆಗೆ ಆ ಒಂಟಿ ಸೊನ್ನೆಯೇ ಸಾಕ್ಷಿಯಾಗಿ ನಿಂತಿದೆ.