ಬೆಳಚಿನ ಬುಟ್ಟಿಗೂ ಲೆಕ್ಕ ಬೇಕು



ದೊಡ್ಡ ಕಾರ್ಖಾನೆ ಬರುವ ಮೊದಲು ಕಂಪನಿಯವರು ಪರಿಸರದ ಬಗ್ಗೆ ಒಂದು ವರದಿ ಮಾಡಿಸಬೇಕು. ಅದರಲ್ಲಿ ಎಷ್ಟು ಎಕರೆ, ಎಷ್ಟು ಮನೆ, ಎಷ್ಟು ಮರ ಅಂತ ಬರೆದಿರುತ್ತದೆ. ಆದರೆ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಬೆಳಚು ಆರಿಸುವ ಹೆಂಗಸಿನ ದುಡಿಮೆ ಇಂಥ ಕಾಗದದಿಂದ ಸುಲಭವಾಗಿ ಬಿಟ್ಟುಹೋಗುತ್ತದೆ. ಆಕೆಯ ಹತ್ತಿರ ಪಹಣಿ ಇಲ್ಲ, ಸಂಬಳದ ಚೀಟಿಯೂ ಇಲ್ಲವಲ್ಲ!

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯನ್ನೇ ನೋಡೋಣ. ಶಿರಸಿ ಕಡೆ ಹುಟ್ಟುವ ಈ ಹೊಳೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಕೂಡುವ ಅಲ್ಲಿನ ಕೆಸರಿನಲ್ಲಿ ಬೆಳಚು, ಸಿಗಡಿ, ಏಡಿ ಬೆಳೆಯುತ್ತವೆ. ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಮೀನು. ಆರರಿಂದ ಏಳೂವರೆ ಸಾವಿರ ಕುಟುಂಬಗಳಿಗೆ ಇದೇ ಆಧಾರ.

2006ರ ಹೊತ್ತಿಗೆ ಅಲ್ಲಿನ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮಾತು ಬಂತು. ಸ್ಥಾವರದ ಬಿಸಿನೀರು ಅಳಿವೆಗೆ ಬಿದ್ದರೆ ಬೆಳಚಿನ ಮರಿ ಉಳಿಯುವುದು ಕಷ್ಟ. ಮೀನುಗಾರರು, ರೈತರು ವಿರೋಧಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳಿವೆಯಿಂದ ಜನರಿಗೆ ಸಿಗುವ ಆದಾಯವನ್ನು ಲೆಕ್ಕ ಹಾಕಿ ಬರೆದರು. ಸ್ಥಾವರ ಅಲ್ಲಿ ಬರಲಿಲ್ಲ. ಮುಂದೆ ಬಂದರಿನ ಪ್ರಸ್ತಾಪ ಬಂತು. ಹಡಗಿಗಾಗಿ ಹೂಳೆತ್ತಿದರೆ ಬೆಳಚು ಕೂತಿರುವ ನೆಲವೇ ಹೋಗುತ್ತದೆ, ಇದನ್ನು ಬೆಳಚು ಆರಿಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಸಂತೋಷವೇ. ಆದರೆ ಬರೀ ಬಿರುದು ಕಾವಲು ಕಾಯುವುದಿಲ್ಲ ಅಂತ ನಮ್ಮ ಅಭಿಪ್ರಾಯ.

ನಮ್ಮ ಊರಿಗೂ ಇಂಥದ್ದು ಬಂದರೆ? 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಹೆಚ್ಚಿನ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ಆಗಬೇಕು. ಅದು ಯೋಜನೆಯ ಜಾಗದಲ್ಲೇ ಅಥವಾ ಹತ್ತಿರದಲ್ಲೇ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ, ವಿಡಿಯೋ ಆಗುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಪಂಚಾಯತಿಯಲ್ಲಿ ಕೇಳಿ. "ನಮಗೇನು ಗೊತ್ತಾಗ್ತದೆ ಸಿಸ್ಟರ್" ಅಂತ ಹಿಂದೆ ಸರಿಯಬೇಡಿ. ಇಷ್ಟೇ ಜನ ಬರಬೇಕು ಅನ್ನುವ ನಿಯಮ ಇಲ್ಲ. ಹಾಗಾಗಿ ನಾವು ಹೋಗದಿದ್ದರೂ ವಿಚಾರಣೆ ಮುಗಿದೇ ಹೋಗುತ್ತದೆ.

ಅಲ್ಲಿ ಘೋಷಣೆಗಿಂತ ಲೆಕ್ಕಕ್ಕೆ ತೂಕ ಜಾಸ್ತಿ. ವಾರದ ಸಭೆಯಲ್ಲಿ ಉಳಿತಾಯ ಬರೆಯುವಾಗಲೇ ಇದನ್ನೂ ಬರೆದಿಡಿ: ಈ ವಾರ ಎಷ್ಟು ಜನ ಹೊಳೆಗೆ ಅಥವಾ ಕಾಡಿಗೆ ಹೋದರು, ಎಷ್ಟು ಬುಟ್ಟಿ ತಂದರು, ಮನೆಗೆ ಎಷ್ಟು, ಪೇಟೆಗೆ ಎಷ್ಟು, ಏನು ರೇಟು. ಸಾಲದ ಕಂತು ಆ ದುಡ್ಡಿನಿಂದಲೇ ಕಟ್ಟಿದ್ದರೆ ಅದನ್ನೂ ಬರೆಯಿರಿ. ಒಂದು ವರ್ಷ ಬರೆದರೆ ಅದೇ ನಿಮ್ಮ ದಾಖಲೆ. ಅದರ ಪ್ರತಿಯನ್ನು ಮನವಿಯ ಜೊತೆ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ನಿಯಮವೇ ಇದೆ. ಬಸ್ಸು ತಪ್ಪುತ್ತದೆ ಅಂತ ಅದಕ್ಕೆ ಮೊದಲೇ ಎದ್ದು ಬರಬೇಡಿ. ನೀವು ಹೇಳಿದ ಮಾತು ಅದರಲ್ಲಿ ಇದೆಯಾ ಅಂತ ಕೇಳಿಸಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಹೇಳಿ.