ಗಾಡಿಯ ಮೇಲ್ಕಟ್ಟು

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರು ದನಗಳ ಜಾತ್ರೆಗೆ ಹೊರಟರೆಂದರೆ ಗಾಡಿಯೇ ಅವರ ಮನೆ. ಸಂಕ್ರಾಂತಿಯ ಸುಮಾರಿಗೆ ಕಾವೇರಿಯ ದಡದ ಚುಂಚನಕಟ್ಟೆಯಲ್ಲಿ ನೆರೆಯುವ ಜಾತ್ರೆಯನ್ನು ಕಂಡವರಿಗೆ ಇದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಎತ್ತಿನ ಗಾಡಿಯಾಗಲಿ, ಟ್ರಾಕ್ಟರಿನ ಟ್ರೈಲರಾಗಲಿ, ಅದರ ಪಕ್ಕಕ್ಕೆ ಒಂದು ಟಾರ್ಪಾಲು ಎಳೆದು ಎರಡು ಗಳ ನೆಟ್ಟರೆ ಊಟ, ನಿದ್ರೆ, ವ್ಯಾಪಾರ ಎಲ್ಲವೂ ಅದರ ನೆರಳಿನಲ್ಲೇ. ಪಾಶ್ಚಾತ್ಯ ದೇಶಗಳಲ್ಲಿ ಮನೆಯಂತೆ ಸಜ್ಜುಗೊಳಿಸಿದ ಮೋಟಾರು ವಾಹನಗಳಲ್ಲಿ ಪ್ರವಾಸ ಹೋಗುವವರೂ ವಾಹನದ ಬದಿಯಿಂದ ಇಂಥದೇ ಮೇಲ್ಕಟ್ಟನ್ನು ಸುರುಳಿ ಬಿಚ್ಚಿ ಹರಡುತ್ತಾರೆ. ಬೆಲೆಯಲ್ಲಿ ಅಂತರ ಬಹಳ. ತತ್ತ್ವ ಮಾತ್ರ ಒಂದೇ.

ಮೇಲ್ಕಟ್ಟನ್ನು ನಾವು ಕಟ್ಟುವುದು ಬಿಸಿಲು ಮಳೆಗಳಿಗಾಗಿ. ಅದನ್ನು ಕೆಡಹುವುದು ಗಾಳಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ತನಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೂ ಸುಮಾರು 6 ಕಿಲೋ ಭಾರದಷ್ಟು ಒತ್ತುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲದ ಟಾರ್ಪಾಲು ಅದಕ್ಕೆ ಪೂರ್ತಿ ಎದೆಯೊಡ್ಡಿದರೆ 70 ಕಿಲೋ ಮೀರಿದ ಸೆಳೆತ. ವೇಗ 72 ಕಿಲೋಮೀಟರಿಗೆ ಏರಿದರೆ ಅದೇ ಸೆಳೆತ ಸುಮಾರು 300 ಕಿಲೋ! ಸಡಿಲವಾದ ಗೂಟದ ಪಾಡೇನು?

ಆದುದರಿಂದ ಮೊದಲು ನೋಡಬೇಕಾದುದು ಗಾಳಿಯ ದಿಕ್ಕನ್ನು. ಪುಷ್ಯಮಾಸದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಮೂಡಣ ಗಾಳಿ, ಮುಂಗಾರಿನಲ್ಲಿ ಪಡುವಣದ್ದು. ಗಾಡಿಯನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸಿ, ಮೇಲ್ಕಟ್ಟನ್ನು ಅದರ ಮರೆಯಲ್ಲಿ ಕಟ್ಟಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಎತ್ತಿನ ಗಾಡಿಯಾದರೆ ಮೂಕಿಗೆ ಆಧಾರವನ್ನೂ ಕೊಡಬೇಕು. ಟಾರ್ಪಾಲಿನ ಒಂದು ಅಂಚನ್ನು ಗಾಡಿಯ ಮೇಲಿನಿಂದ ಹಾಯಿಸಿ ಆಚೆಯ ಪಕ್ಕಕ್ಕೆ ಬಿಗಿದರೆ ಹಿಡಿತ ಭದ್ರ.

ಗಳದ ತುದಿಯಿಂದ ಬರುವ ಹಗ್ಗ ನೆಲವನ್ನು ಓರೆಯಾಗಿ ಮುಟ್ಟಬೇಕು. ಗಳದ ಎತ್ತರ ಎಷ್ಟೋ ಗೂಟವೂ ಬುಡದಿಂದ ಅಷ್ಟು ದೂರವಿದ್ದರೆ ಸರಿ. ಗೂಟದ ತಲೆ ಮೇಲ್ಕಟ್ಟಿಗೆ ಬೆನ್ನು ಹಾಕಿ ಹೊರಕ್ಕೆ ಬಾಗಿರಲಿ. ಹೊಳೆಯ ದಡದ ಮರಳಿನಲ್ಲಿ ಗೂಟ ನಿಲ್ಲದು. ಅಲ್ಲಿ ಒಂದು ಮರದ ತುಂಡಿಗೆ ಹಗ್ಗ ಬಿಗಿದು ಅಡ್ಡಲಾಗಿ ಹೂಳಬೇಕು, ಇಲ್ಲವೆ ಮರಳು ತುಂಬಿದ ಚೀಲಕ್ಕೆ ಕಟ್ಟಬೇಕು. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯುತ್ತದೆ, ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಸಡಿಲುತ್ತದೆ. ಮಳೆ ಬಂದಾಗ ಎರಡನ್ನೂ ನೋಡಿ ಸರಿಪಡಿಸಬೇಕು.

ಹೊರ ಅಂಚಿನ ಒಂದು ಮೂಲೆಯನ್ನು ತಗ್ಗಿಸಿ ನೀರಿಗೆ ದಾರಿ ಮಾಡುವುದನ್ನು ಮರೆಯಬಾರದು. ಒಂದು ಚದರ ಮೀಟರಿನಷ್ಟು ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 100 ಕಿಲೋ. ಅದು ಬೀಳುವುದು ಕೆಳಗೆ ಮಲಗಿದ ಮಕ್ಕಳ ಮೇಲೆ.

ಇನ್ನು ಎಂದಿಗೂ ಕೂಡದ ಮೂರು ಕೆಲಸಗಳುಂಟು. ಎತ್ತನ್ನು ಮೇಲ್ಕಟ್ಟಿನ ಗಳಕ್ಕಾಗಲಿ ಗೂಟಕ್ಕಾಗಲಿ ಕಟ್ಟಬಾರದು. ಟಾರ್ಪಾಲು ಪಟಪಟನೆ ಬಡಿದರೆ ಎತ್ತು ಬೆದರುತ್ತದೆ, ಬೆದರಿದ ಎತ್ತು ಎಲ್ಲವನ್ನೂ ಕಿತ್ತುಕೊಂಡು ಓಡುತ್ತದೆ. ವಿದ್ಯುತ್ ತಂತಿಯ ಕೆಳಗೆ ಕಬ್ಬಿಣದ ಕೊಳವೆ ಎತ್ತಬಾರದು. ಪ್ಲಾಸ್ಟಿಕ್ ಟಾರ್ಪಾಲಿನಡಿ ಒಲೆ ಹೂಡಬಾರದು.

ಕೊನೆಯದಾಗಿ ಗಂಟಿನ ವಿಚಾರ. ಒಂದೇ ಎಳೆತಕ್ಕೆ ಬಿಚ್ಚುವ ಜೀರುಗಂಟನ್ನೇ ಹಾಕಬೇಕು. ಏಕೆಂದರೆ ಬಿರುಗಾಳಿಯ ಎದುರು ಯಾವ ಗೂಟದ ಶೌರ್ಯವೂ ನಡೆಯದು. ಆಗ ಮೇಲ್ಕಟ್ಟನ್ನು ಇಳಿಸಿ ಸುತ್ತಿಡುವುದೊಂದೇ ವಿವೇಕ. ಮೋಡ ಕವಿದು ದೂಳು ಏಳುವುದನ್ನು ಕಂಡೊಡನೆ ಇಳಿಸುವವನೇ ಕಟ್ಟುವ ವಿದ್ಯೆಯನ್ನು ಪೂರ್ತಿ ಕಲಿತವನು.